ಹಾಕಿ ಫೋಟೋ: ಆಟಗಾರ ಮಸುಕು, ಹಿಂದಿನ ಮರ ಸ್ಪಷ್ಟ!

ಪ್ರಶ್ನೆ:
ಏಪ್ರಿಲ್‌ನಲ್ಲಿ ಕೊಡವ ಕೌಟುಂಬಿಕ ಹಾಕಿ ನೋಡಲು ಹೋಗಿದ್ದೆ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಹಬ್ಬ. ಒಂದೇ ಮನೆತನದ ಅಜ್ಜ, ಮೊಮ್ಮಗ ಒಟ್ಟಿಗೆ ಆಡುವುದು ನೋಡಬೇಕು! ನನ್ನದು ಹಳೆಯ ಕ್ಯಾನನ್, 55-250 ಲೆನ್ಸ್. 600 ಫೋಟೋ ತೆಗೆದೆ, ನೆಟ್ಟಗಿರುವುದು ಒಂಬತ್ತು. ಶಟರ್ ವೇಗ 1/250 ಸೆಕೆಂಡ್, ಫೋಕಸ್ ವನ್ ಶಾಟ್. ಲೆನ್ಸ್ ಬದಲಿಸಬೇಕಾ?

ಉತ್ತರ 1:
ಸುಮ್ನೆ ದುಡ್ಡು ಸುರಿಯಬೇಡಿ. ವನ್ ಶಾಟ್‌ನಲ್ಲಿ ಫೋಕಸ್ ಒಮ್ಮೆ ಕೂತರೆ ಅಲ್ಲೇ ನಿಲ್ಲುತ್ತದೆ, ಆಟಗಾರ ನಿಲ್ಲುವುದಿಲ್ಲ ಅಲ್ವಾ? ಓಡುವವರ ಹಿಂದೆಯೇ ಫೋಕಸ್ ಸಾಗುವ ಎಐ ಸರ್ವೋ ಹಾಕಿ, ಮಧ್ಯದ ಫೋಕಸ್ ಪಾಯಿಂಟ್ ಒಂದನ್ನೇ ಆಟಗಾರನ ಎದೆ ಮೇಲೆ ಇಡಿ. ಶಟರ್ 1/1000ಕ್ಕಿಂತ ಇಳಿಸಬೇಡಿ. ಪೆನಾಲ್ಟಿ ಕಾರ್ನರ್‌ಗೆ 1/2000. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ ಇರಲಿ. ಫೋಟೋದಲ್ಲಿ ಕಾಳು ಬಂದರೂ ಪರವಾಗಿಲ್ಲ, ಮಂಜಾದ ಮುಖ ಸರಿಯಾಗುವುದಿಲ್ಲ.

ಉತ್ತರ 2:
ಜಾಗವೂ ಮುಖ್ಯ. ನಾನು ಮೊದಲು ಗ್ಯಾಲರಿಯಿಂದ ತೆಗೆಯುತ್ತಿದ್ದೆ, ಬರೀ ತಲೆಗಳು. ಈಗ ಗೋಲಿನ ಪಕ್ಕದ ಮೂಲೆಯಲ್ಲಿ, ಬೇಲಿಯ ಆಚೆ ಕೂತೇ ತೆಗೆಯುತ್ತೇನೆ. ಮುಖ ಕಾಣುತ್ತದೆ, ಆಟಗಾರ ಎತ್ತರವಾಗಿ ಕಾಣುತ್ತಾನೆ. ಕ್ಯಾಮೆರಾದಲ್ಲಿ ನೋಡುವಾಗ ಇನ್ನೊಂದು ಕಣ್ಣು ಮಾತ್ರ ಮುಚ್ಚಬೇಡಿ, ಚೆಂಡು ಬರುವುದು ಕಾಣಬೇಕು. ಹಾಕಿ ಚೆಂಡು 160 ಗ್ರಾಂ ಆಸುಪಾಸು, ಕಲ್ಲಿನ ಹಾಗೆ. ನನ್ನ ಮೊಣಕಾಲಿಗೆ ಬಿದ್ದು ಎರಡು ವಾರ ಕುಂಟಿದ್ದೇನೆ.

ಪ್ರಶ್ನೆ ಕೇಳಿದವರು:
ನಿನ್ನೆ ಶಾಲೆ ಮೈದಾನದಲ್ಲಿ ಮಕ್ಕಳ ಆಟಕ್ಕೆ ಎಐ ಸರ್ವೋ, 1/1250 ಹಾಕಿ ನೋಡಿದೆ. 80ರಲ್ಲಿ 31 ಚೆನ್ನಾಗಿವೆ! ಆದರೆ ರಾ ಫೈಲ್‌ನಲ್ಲಿ (ಕುಗ್ಗಿಸದ ದೊಡ್ಡ ಫೈಲ್) ಐದಾರು ಕ್ಲಿಕ್‌ಗೇ ಕ್ಯಾಮೆರಾ ನಿಂತುಬಿಡುತ್ತದೆ.

ಉತ್ತರ 1:
ಬಫರ್, ಅಂದರೆ ಫೋಟೋ ಕಾರ್ಡಿಗೆ ಹೋಗುವ ಮೊದಲು ನಿಲ್ಲುವ ಜಾಗ, ತುಂಬುತ್ತಿದೆ. ಆಟಕ್ಕೆ ಚಿಕ್ಕ ಫೈಲ್ ಆದ ಜೆಪೆಗ್ ಸಾಕು.