ಬ್ಯಾಟರಿ ವಿಡಿಯೋ ಡೋರ್‌ಬೆಲ್: ವಾಪಸ್ ಮಾಡಲು ಇನ್ನು ಮೂರೇ ದಿನ, ಇಟ್ಟುಕೊಳ್ಳಲಾ ಬೇಡವಾ?

ಹಿತ್ತಲಮನೆ (ಪ್ರಶ್ನೆ)

ನಮಸ್ಕಾರ. ಅಮ್ಮನಿಗೆ 72 ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರೇ ಇದ್ದಾರೆ. ನಾನಿರುವುದು ಬೆಂಗಳೂರಿನಲ್ಲಿ, ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತೇನೆ. ಹೋದ ತಿಂಗಳು ಮಟಮಟ ಮಧ್ಯಾಹ್ನ ಇಬ್ಬರು ಬಂದು "ವಾಟರ್ ಫಿಲ್ಟರ್ ಸರ್ವೀಸಿಗೆ ಬಂದಿದ್ದೀವಿ" ಅಂದರಂತೆ. ನಮ್ಮ ಮನೆಯಲ್ಲಿ ಫಿಲ್ಟರೇ ಇಲ್ಲ. ಅಮ್ಮ ಬಾಗಿಲು ತೆಗೆದು, ಇಲ್ಲ ಅಂತ ವಿವರಿಸಿ, ಬಿಸಿಲಲ್ಲಿ ಬಂದಿದ್ದೀರಿ ಮಜ್ಜಿಗೆ ಕೊಡಲಾ ಅಂತ ಬೇರೆ ಕೇಳಿ ಕಳಿಸಿದ್ದಾರೆ. ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದವಳೇ ಬ್ಯಾಟರಿಯ ವಿಡಿಯೋ ಡೋರ್‌ಬೆಲ್ ಆರ್ಡರ್ ಮಾಡಿದೆ.

ವೈರಿನದ್ದು ಯಾಕೆ ಬೇಡ ಅಂತ ಕೇಳಬೇಡಿ. ಮನೆ 1988ರದ್ದು. ಕಾಲಿಂಗ್ ಬೆಲ್‌ಗೆ ಬರುವುದು ನೇರ 230 ವೋಲ್ಟ್. ವೈರಿನ ಡೋರ್‌ಬೆಲ್‌ಗಳು ಎಷ್ಟೋ 16ರಿಂದ 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೇಳುತ್ತವೆ. ಅದನ್ನು ಕೂರಿಸಲು ಗೋಡೆ ಕೊರೆಯಬೇಕು. ಅಮ್ಮ ಹೋದ ವರ್ಷ ಪೇಂಟ್ ಮಾಡಿಸಿದ್ದಾರೆ, ಕೊರೆಯುವ ಮಾತೇ ಇಲ್ಲ.

ಏಳು ದಿನ ಅಲ್ಲೇ ಇದ್ದು ಪರೀಕ್ಷೆ ಮಾಡಿದೆ. ಗೇಟಿನ ಕಂಬಕ್ಕೆ, ರಸ್ತೆಗೆ ಮುಖ ಮಾಡಿ ಅಂಟಿಸಿದ್ದೆ. ಗೇಟಿನಿಂದ ಬಾಗಿಲಿಗೆ 18 ಅಡಿ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದು ಇದು:

ಒಟ್ಟು 214 ಸಲ ಫೋನಿಗೆ ಅಲರ್ಟ್ ಬಂತು. ಅದರಲ್ಲಿ ನಮ್ಮ ಮನೆಗೆ ಬಂದವರು 31. ಮಿಕ್ಕಿದ್ದೆಲ್ಲ ಸ್ಕೂಟರ್, ಸ್ಕೂಲ್ ವ್ಯಾನ್, ಎದುರು ಸಾಲಿನ ಹಸು, ಗಾಳಿಗೆ ಆಡುವ ತೆಂಗಿನ ಗರಿ.

ಬ್ಯಾಟರಿ 100ರಿಂದ 71ಕ್ಕೆ ಇಳಿಯಿತು. ಡಬ್ಬದ ಮೇಲೆ ಆರು ತಿಂಗಳು ಅಂತಿದೆ. ಈ ಲೆಕ್ಕದಲ್ಲಿ ಇಪ್ಪತ್ತನಾಲ್ಕು ದಿನಕ್ಕೆ ಖಾಲಿ. ನಾನು ಹೋಗಿ ಸ್ಟೂಲ್ ಹತ್ತಿ ಬಿಚ್ಚಿ ಚಾರ್ಜ್ ಮಾಡಬೇಕು.

ಬಟನ್ ಒತ್ತಿದ ಮೇಲೆ ಮನೆಯೊಳಗಿನ ನನ್ನ ಫೋನಿನಲ್ಲಿ ಮುಖ ಕಾಣಲು ಮೂರ್ನಾಲ್ಕು ಸೆಕೆಂಡ್. ಬೆಂಗಳೂರಿನಲ್ಲಿದ್ದ ನಮ್ಮವರ ಫೋನಿನಲ್ಲಿ ಆರರಿಂದ ಒಂಬತ್ತು.

ಬೆಳಗ್ಗೆ ಐದೂ ಮುಕ್ಕಾಲಿಗೆ ಹಾಲು ಹಾಕುವವರ ಬೆನ್ನು ಮಾತ್ರ ಸಿಗುತ್ತದೆ, ಏಳರಲ್ಲಿ ನಾಲ್ಕು ದಿನ. ಸಂಜೆ ನಾಲ್ಕೂವರೆ ಮೇಲೆ ಎದುರು ಬಿಸಿಲು, ಯಾರು ಬಂದರೂ ಮುಖ ಕಪ್ಪು.

ಇದೆಲ್ಲದಕ್ಕಿಂತ ದೊಡ್ಡ ಸಮಸ್ಯೆ ಅಮ್ಮ. ಬೆಲ್ ಆದ ಕೂಡಲೇ ಸೀದಾ ಬಾಗಿಲಿಗೆ ಹೋಗುತ್ತಾರೆ. ಫೋನ್ ಫ್ರಿಜ್ ಮೇಲಿರುತ್ತದೆ. "ಮೊದಲು ಫೋನ್ ನೋಡಮ್ಮಾ" ಅಂದರೆ "ಬಂದೋರು ಬಾಗಿಲ ಹತ್ರ ನಿಂತಿದ್ದಾರೆ, ನಾನು ಫ್ರಿಜ್ ಹತ್ರ ಹೋಗಿ ಅವರನ್ನ ನೋಡಬೇಕಾ?" ಅಂತಾರೆ. ಉತ್ತರ ನನ್ನ ಹತ್ತಿರ ಇಲ್ಲ.

ಅವರಿಗೆ ಈ ಬೆಲ್ ಇಷ್ಟವಾಗಿರುವುದು ಒಂದೇ ಕಾರಣಕ್ಕೆ. ಬೆಳಗಿನ ಜಾವ ಕಾಂಪೌಂಡ್ ಪಕ್ಕದ ದಾಸವಾಳ ಯಾರೋ ಕಿತ್ತುಕೊಂಡು ಹೋಗುತ್ತಾರೆ. ಪೂಜೆಗೆ ಒಂದೂ ಉಳಿಯಲ್ಲ. ಆ ಕಳ್ಳರು ಸಿಗಬೇಕಂತೆ.

ಇಟ್ಟುಕೊಳ್ಳಲಾ, ವಾಪಸ್ ಕಳಿಸಲಾ? ಅನುಭವ ಇದ್ದವರು ಹೇಳಿ.

---

ಟೆಸ್ಟರ್_ದಾವಣಗೆರೆ

ಮೇಡಂ, ಹದಿನಾಲ್ಕು ವರ್ಷದಿಂದ ಸಿಸಿಟಿವಿ ಹಾಕುವ ಕೆಲಸ ನಂದು. ಗಿರಾಕಿಗಳು "ಎಷ್ಟು ಮೆಗಾಪಿಕ್ಸೆಲ್" ಅಂತ ಕೇಳ್ತಾರೆ, ನಿಮ್ಮ ಥರ ಹಾಲಿನ ಪುಸ್ತಕದಲ್ಲಿ ಲೆಕ್ಕ ಬರೆದವರನ್ನು ನೋಡಿಲ್ಲ. ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. ಸಾಮಾನು ಕೆಟ್ಟದ್ದಲ್ಲ, ಜಾಗ ಕೆಟ್ಟದ್ದು.

ಬ್ಯಾಟರಿಯ ಬೆಲ್ ಸಿಸಿಟಿವಿಯಂತೆ ಇಡೀ ದಿನ ಕಣ್ಣು ಬಿಟ್ಟುಕೊಂಡು ಇರಲ್ಲ. ಮಲಗಿರುತ್ತದೆ. ಎಚ್ಚರ ಇರುವುದು ಬಟನ್ ಮತ್ತು ಪಿಐಆರ್ ಅನ್ನೋ ಸಣ್ಣ ಸೆನ್ಸರ್. ಮೈ ಬಿಸಿ ಇರುವಂಥದ್ದು ಮುಂದೆ ಅಲುಗಾಡಿದರೆ ಅದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಕ್ಯಾಮೆರಾ ಎದ್ದು ರೆಕಾರ್ಡ್ ಶುರು ಮಾಡಲು ಒಂದೆರಡು ಸೆಕೆಂಡ್ ಬೇಕು. ಹಾಲಿನವರು ಪ್ಯಾಕೆಟ್ ತಗುಲಿಸಿ ತಿರುಗಲು ಅಷ್ಟೇ ಹೊತ್ತು. ಅದಕ್ಕೇ ಬೆನ್ನು.

ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ. ಪಿಐಆರ್‌ಗೆ ಅಡ್ಡ ಹಾದು ಹೋಗುವುದು ಬೇಗ ಗೊತ್ತಾಗುತ್ತದೆ. ನೇರ ಎದುರಿಗೆ ನಡೆದು ಬರುವುದು ತಡವಾಗಿ ಗೊತ್ತಾಗುತ್ತದೆ. ನೀವು ರಸ್ತೆಗೆ ಮುಖ ಮಾಡಿ ಇಟ್ಟಿದ್ದೀರಿ. ಹಾಗಾಗಿ ಸುಮ್ನೆ ಹೋಗೋ ಸ್ಕೂಟರ್‌ಗೆಲ್ಲ ಎದ್ದು ಕೂರುತ್ತದೆ, ನಿಮ್ಮ ಮನೆಗೇ ಬರುವವನಿಗೆ ತಡ ಮಾಡುತ್ತದೆ. ಬೇಸಿಗೆ ಮಧ್ಯಾಹ್ನ ಗೋಡೆ, ಟಾರು ಎಲ್ಲ ಮನುಷ್ಯನ ಮೈಯಷ್ಟೇ ಬಿಸಿಯಾದಾಗ ಇನ್ನೂ ಮಂಕು. ನಿಮ್ಮ ಫಿಲ್ಟರ್ ಗಿರಾಕಿಗಳು ಬಂದದ್ದು ಅದೇ ಹೊತ್ತಿಗೆ ಅಲ್ವಾ.

ಬ್ಯಾಟರಿ ಇಳಿದದ್ದಕ್ಕೆ ಕಾರಣ ಎರಡು. ದಿನಕ್ಕೆ ಮೂವತ್ತು ಸಲ ಎದ್ದರೆ ಯಾವ ಬ್ಯಾಟರಿಯೂ ಆರು ತಿಂಗಳು ಬರಲ್ಲ. ಎರಡನೆಯದು ವೈಫೈ. ಆ್ಯಪಿನಲ್ಲಿ ಸಿಗ್ನಲ್ ಸಂಖ್ಯೆ ಇರುತ್ತದೆ, ಮೈನಸ್‌ನಲ್ಲಿ ತೋರಿಸುತ್ತದೆ. ಮೈನಸ್ 60 ಆಸುಪಾಸು ಇದ್ದರೆ ಚೆನ್ನ. ಮೈನಸ್ 75 ದಾಟಿದರೆ ಅದು ಕೂಗಿ ಕೂಗಿ ಮಾತಾಡಬೇಕು, ಚಾರ್ಜೂ ಜಾಸ್ತಿ ತಿನ್ನುತ್ತದೆ, ವಿಡಿಯೋನೂ ತಡ. 18 ಅಡಿ, ನಡುವೆ ಎರಡು ಗೋಡೆ ಅಂದರೆ ನಿಮ್ಮದು ಅಲ್ಲೇ ಎಲ್ಲೋ ಇರಬೇಕು. ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್‌ಗೇ ಸೇರಿಸಿ, 5 ಗಿಗಾಹರ್ಟ್ಸ್ ಸಿಗ್ನಲ್ ಗೋಡೆಯನ್ನು ಅಷ್ಟು ಚೆನ್ನಾಗಿ ದಾಟಲ್ಲ.

ಗೇಟಿನಿಂದ ತೆಗೆಯಿರಿ. ಪೋರ್ಟಿಕೋ ನೆರಳಿನಲ್ಲಿ, ಬಾಗಿಲ ಪಕ್ಕ, ನಾಲ್ಕಡಿ ಎತ್ತರಕ್ಕೆ ಹಾಕಿ. ಜೊತೆಗೆ ಬಂದಿರುವ ಓರೆ ಪ್ಲಾಸ್ಟಿಕ್ ತುಂಡು ಎಸೆದಿಲ್ಲ ತಾನೇ? ಅದನ್ನು ಹಿಂದೆ ಕೊಟ್ಟು ಸ್ವಲ್ಪ ಓರೆ ಮಾಡಿ, ರಸ್ತೆ ಬೀಳದ ಹಾಗೆ. ಎದುರು ಬಿಸಿಲೂ ತಪ್ಪುತ್ತದೆ, ಗೇಟಿನಿಂದ ಬರುವವರು ಅಡ್ಡ ನಡೆದು ಬರುತ್ತಾರೆ.

ರೆಕಾರ್ಡ್ ಎಲ್ಲಿ ಉಳಿಯುತ್ತದೆ ನೋಡಿಕೊಳ್ಳಿ. ಮೆಮೊರಿ ಕಾರ್ಡು ಬೆಲ್‌ನೊಳಗೇ ಇದ್ದರೆ, ಬೆಲ್ ಕಿತ್ತುಕೊಂಡು ಹೋದವನ ಜೊತೆ ಸಾಕ್ಷಿನೂ ಹೋಯ್ತು. ಮನೆಯೊಳಗೆ ಸದ್ದು ಮಾಡುವ ಚೈಮ್ ಡಬ್ಬದಲ್ಲಿ ಕಾರ್ಡ್ ಇದ್ದರೆ ವಾಸಿ. ಕ್ಲೌಡ್, ಅಂದರೆ ಕಂಪನಿಯ ಸರ್ವರ್‌ನಲ್ಲಿ ಇಡುವುದಾದರೆ ತಿಂಗಳ ದುಡ್ಡು. ಮೂರು ವರ್ಷದ ಚಂದಾ ಕೂಡಿಸಿ, ಅದನ್ನು ಬೆಲ್‌ನ ಬೆಲೆಗೆ ಸೇರಿಸಿ, ಆಮೇಲೆ "ಅಗ್ಗ" ಅನ್ನಿ.

ಕೊನೆಗೆ, ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತು. ಬಾಗಿಲಿಗೆ ಒಂದು ಡೋರ್ ಚೈನ್, ಅಮ್ಮನ ಕಣ್ಣಿನ ಎತ್ತರಕ್ಕೆ ಒಂದು ಪೀಪ್ ಹೋಲ್ ಹಾಕಿಸಿ. ಎರಡೂ ಸೇರಿ ಐನೂರು ರೂಪಾಯಿ ಒಳಗೆ ಆಗುತ್ತದೆ, ಚಾರ್ಜ್ ಮಾಡಬೇಕಿಲ್ಲ. ಬಂದವನನ್ನು ಈ ಬೆಲ್ ತಡೆಯಲ್ಲ. ತೋರಿಸುತ್ತದೆ, ಅಷ್ಟೇ.

---

ಸಿಂಪಲ್_ಮನುಷ್ಯ

ಒಂದು ನಾಯಿ ಸಾಕಿ. ಅಪ್‌ಡೇಟ್ ಬೇಡ, ವೈಫೈ ಬೇಡ.

ಹಿತ್ತಲಮನೆ

ಅಮ್ಮನಿಗೆ ಓದಿ ಹೇಳಿದೆ. "ಅದಕ್ಕೂ ದಿನಾ ಚಾರ್ಜ್ ಮಾಡಬೇಕು, ಎರಡು ಹೊತ್ತು" ಅಂದರು.

---

ಅಡಿಕೆ_ಸಿಪ್ಪೆ (ಸಾಗರ)

ನಮ್ಮ ಮನೆಗೆ ಹಾಕಿ ಎರಡು ಮಳೆಗಾಲ ಆಯ್ತು. ಐಪಿ65 ಅಂತ ಬರೆದಿದ್ದರೆ ಧೂಳು ಒಳಗೆ ಹೋಗಲ್ಲ, ನೀರಿನ ಎರಚಲು ತಡೆಯುತ್ತದೆ. ನಮ್ಮ ಕಡೆ ಜುಲೈ ಮಳೆ ತಡೆದಿದೆ, ನಿಮ್ಮ ಮೈಸೂರಿನ ಮಳೆ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿ. ನಾನು ಒಂದು ಸಲ ಮರೆತು ಪಿನ್ನಿಗೆ ಹಸಿರು ಪಾಚಿಯಂತೆ ಕಿಲುಬು ಹಿಡಿದಿತ್ತು.

ಮಳೆಗಿಂತ ಕಾಟ ಜೇಡರದ್ದು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸ್ ಮುಂದೆ ಬಲೆ. ರಾತ್ರಿ ನೋಡಿದರೆ ಬೆಳ್ಳಗೆ ಹಗ್ಗ ಕಟ್ಟಿದ ಹಾಗೆ ಕಾಣುತ್ತದೆ, ಹಿಂದೆ ನಿಂತವರು ಕಾಣಲ್ಲ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಬೇಕು. ಅಮ್ಮ ಧೂಳು ಹೊಡೆಯುವಾಗ ಇದನ್ನೂ ಸೇರಿಸಿಕೊಳ್ಳಲಿ.

ಇನ್ನೊಂದು. ಬೆಲ್‌ಗೆ ಬ್ಯಾಟರಿ ಇದೆ, ಸರಿ. ರೂಟರ್‌ಗೆ? ಕರೆಂಟ್ ಹೋದರೆ ವೈಫೈ ಸತ್ತಿತು, ನಿಮಗೆ ಅಲರ್ಟೇ ಬರಲ್ಲ. ಈಗಲೇ ರೂಟರ್ ಸ್ವಿಚ್ ಆಫ್ ಮಾಡಿ ಬಟನ್ ಒತ್ತಿ ನೋಡಿ. ಒಳಗಿನ ಚೈಮ್ ಕೂಗಿದರೆ ಅದು ಬೆಲ್ ಜೊತೆ ನೇರ ಮಾತಾಡುವ ಜಾತಿ. ಕೂಗದಿದ್ದರೆ ಕರೆಂಟ್ ಇಲ್ಲದಾಗ ಅಮ್ಮನಿಗೂ ಬೆಲ್ ಕೇಳಲ್ಲ, ಅಂಥದ್ದನ್ನು ಕಣ್ಣು ಮುಚ್ಚಿ ವಾಪಸ್ ಕೊಡಿ. ಕೂಗಿದರೆ ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ತಗೊಳ್ಳಿ. ಫೈಬರ್ ಬಾಕ್ಸ್ ಬೇರೆ ಇದ್ದರೆ ಅದಕ್ಕೂ ಕರೆಂಟ್ ಬೇಕು, ಮರೆಯಬೇಡಿ. ನಾನು ಮರೆತಿದ್ದೆ.

---

ಮಂಜಿನ_ಊರಿಂದ (ಇಂಗ್ಲೆಂಡ್)

ಇಲ್ಲಿ ನಮ್ಮ ಬೀದಿಯಲ್ಲಿ ಮನೆಗೊಂದು ಇದೆ, ನಮ್ಮದೂ ಸೇರಿ. ತಾಂತ್ರಿಕ ಮಾತು ಮೇಲಿನವರು ಹೇಳಿದ್ದಾರೆ. ನಾನು ಅಕ್ಕಪಕ್ಕದವರ ಬಗ್ಗೆ ಹೇಳುತ್ತೇನೆ.

2021ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನಲ್ಲಿ ಒಂದು ಕೇಸ್ ನಡೆಯಿತು. ಒಬ್ಬರು ಕಳ್ಳರ ಭಯಕ್ಕೆ ಮನೆ ಸುತ್ತ ಡೋರ್‌ಬೆಲ್, ಕ್ಯಾಮೆರಾ ಹಾಕಿಸಿದ್ದರು. ಪಕ್ಕದ ಮನೆಯವರು ಕೋರ್ಟಿಗೆ ಹೋದರು, ಗೆದ್ದರು. ನ್ಯಾಯಾಧೀಶರು ವಿಡಿಯೋಗಿಂತ ಹೆಚ್ಚು ತಕರಾರು ಎತ್ತಿದ್ದು ಧ್ವನಿಯ ಬಗ್ಗೆ. ಚಿತ್ರ ಕಾಣದಷ್ಟು ದೂರದ ಮಾತನ್ನೂ ಮೈಕ್ ಹಿಡಿಯುತ್ತಿತ್ತು. ಅದನ್ನು ಓದಿದ ಸಂಜೆಯೇ ನಾನು ಆಡಿಯೋ ರೆಕಾರ್ಡಿಂಗ್ ಬಂದ್ ಮಾಡಿದೆ. ಪಕ್ಕದ ಮನೆಯ ಅಜ್ಜಿ ದಿನಾ ತಮ್ಮ ಬೆಕ್ಕಿಗೆ ಮಗನ ಬಗ್ಗೆ ದೂರು ಹೇಳುತ್ತಾರೆ, ಅದೆಲ್ಲ ನನ್ನ ಫೋನಿನಲ್ಲಿತ್ತು!

ಭಾರತದ 2023ರ ಡೇಟಾ ಕಾಯ್ದೆ ಮನೆಯ ಸ್ವಂತ ಬಳಕೆಯನ್ನು ಹೊರಗಿಟ್ಟಿದೆ. ಆದರೂ ಎದುರು ಮನೆ ಬಾಗಿಲು, ಕಿಟಕಿ ಬೀಳುವ ಜಾಗಕ್ಕೆ ಆ್ಯಪಿನಲ್ಲಿ ಕಪ್ಪು ಪಟ್ಟಿ ಹಾಕಿ. ಪ್ರೈವೆಸಿ ಜೋನ್ ಅಂತ ಇರುತ್ತದೆ.

ಪಾಸ್‌ವರ್ಡ್ ಬೇರೆ ಎಲ್ಲೂ ಬಳಸದ್ದು ಇರಲಿ, ಒಟಿಪಿ ಲಾಗಿನ್ ಆನ್ ಇರಲಿ. ದೊಡ್ಡ ಹೆಸರು ಅಂತ ನಂಬಿ ಕೂರುವುದಕ್ಕೆ ಆಗಲ್ಲ. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಬೆಲ್ ಮಾಡುವ ರಿಂಗ್ ಕಂಪನಿಯ ಮೇಲೆ ಹಾಕಿದ ಕೇಸು 58 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ನೌಕರರೇ ಗ್ರಾಹಕರ ಖಾಸಗಿ ವಿಡಿಯೋ ನೋಡಲು ಬಿಟ್ಟಿದ್ದರು ಅನ್ನುವುದು ಆರೋಪ. ಅದಕ್ಕೇ ಇದನ್ನು ಯಾವತ್ತೂ ಮನೆಯೊಳಗೆ ಮುಖ ಮಾಡಿ ಇಡಬೇಡಿ.

---

ಹಿತ್ತಲಮನೆ

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ರಜೆ ಹಾಕಿ ಮತ್ತೆ ಹೋಗಿದ್ದೆ. ವರದಿ ಒಪ್ಪಿಸುತ್ತೇನೆ.

ಸಾಗರದವರ ರೂಟರ್ ಪರೀಕ್ಷೆ ಮೊದಲು ಮಾಡಿದೆ. ಚೈಮ್ ಕೂಗಿತು. ಕೂಗದಿದ್ದರೆ ಅವತ್ತೇ ಪ್ಯಾಕ್ ಮಾಡುತ್ತಿದ್ದೆ. ಯುಪಿಎಸ್ ತಂದು ಹಾಕಿದೆ. ಫೈಬರ್ ಬಾಕ್ಸ್ ಬೇರೆಯೇ ಇದೆ, ನೀವು ಹೇಳದಿದ್ದರೆ ನಾನೂ ಮರೆಯುತ್ತಿದ್ದೆ.

ಗೇಟಿನ ಬಳಿ ಸಿಗ್ನಲ್ ಮೈನಸ್ 79 ಇತ್ತು. ಬಾಗಿಲ ಪಕ್ಕ ಮೈನಸ್ 58. ಓರೆ ತುಂಡು ಕಸದ ಬುಟ್ಟಿಗೆ ಹೋಗಿರಲಿಲ್ಲ, ಅಮ್ಮ ಅದನ್ನು ಅಡುಗೆಮನೆ ಕಿಟಕಿ ಬಡಿಯದ ಹಾಗೆ ಸಿಕ್ಕಿಸಿದ್ದರು. ಸಂಧಾನ ಮಾಡಿ ಬಿಡಿಸಿಕೊಂಡೆ. ಮೂರು ದಿನದಲ್ಲಿ 19 ಅಲರ್ಟ್, ಹದಿನೇಳು ಮನುಷ್ಯರು, ಒಂದು ಬೆಕ್ಕು, ಒಂದು ನಾನೇ. ಬ್ಯಾಟರಿ 71ರಿಂದ 69. ಸಂಜೆ ಹೊತ್ತೂ ಮುಖ ಕಾಣುತ್ತಿದೆ. ಬೆಂಗಳೂರಿಗೆ ವಿಡಿಯೋ ಬರಲು ಈಗಲೂ ಐದು ಸೆಕೆಂಡ್ ಬೇಕು.

ಪೀಪ್ ಹೋಲ್ ಹಾಕಲು ಬಡಗಿ ಬಂದರು. ಬಾಗಿಲು ತೇಗದ್ದು, ಅಪ್ಪ ನಿಂತು ಮಾಡಿಸಿದ್ದು. ಅಮ್ಮ ತೂತು ಕೊರೆಯಲು ಬಿಡಲಿಲ್ಲ. ಹಾಲ್ ಕಿಟಕಿಯಿಂದ ಬಾಗಿಲ ಮುಂದಿನ ಜಾಗ ಚೆನ್ನಾಗಿ ಕಾಣುತ್ತದೆ, ಅಲ್ಲಿಂದಲೇ ನೋಡುತ್ತೀನಿ ಅಂದರು. ಸರಿ, ಚೈನ್ ಒಂದೇ ಹಾಕಿಸಿದೆ. ಬೆಲ್ ಆದರೆ ಕಿಟಕಿ, ಆಮೇಲೆ ಚೈನ್ ಹಾಕಿಯೇ ಬಾಗಿಲು. ಗುರುತಿಲ್ಲದವರಾದರೆ "ಮಗಳ ಹತ್ರ ಮಾತಾಡಿ" ಅನ್ನಬೇಕು, ಬೆಲ್‌ನಿಂದ ನಾನು ಮಾತಾಡುತ್ತೇನೆ. ಏನಾದರೂ ಎಡವಟ್ಟು ಅನ್ನಿಸಿದರೆ 112. ಮಜ್ಜಿಗೆ ವಿಚಾರದಲ್ಲಿ ಇನ್ನೂ ಒಪ್ಪಂದಕ್ಕೆ ಬಂದಿಲ್ಲ.

ಹಾಗಾಗಿ ಇಟ್ಟುಕೊಂಡೆ. ಆಡಿಯೋ ರೆಕಾರ್ಡಿಂಗ್ ಬಂದ್.

ಮರೆತೆ, ದಾಸವಾಳ. ಬೆಲ್ ಗೇಟಿನಿಂದ ತೆಗೆಯುತ್ತೀನಿ ಅಂದಾಗ ಅಮ್ಮ ಬೇಜಾರಾದರು. ಅದಕ್ಕೆ ಹಳೆಯ ಏಳು ದಿನದ ಕ್ಲಿಪ್‌ಗಳನ್ನು ಇಬ್ಬರೂ ಕೂತು ಒಂದೊಂದಾಗಿ ನೋಡಿದೆವು. ಐದನೆಯ ದಿನ, ಬೆಳಗ್ಗೆ 5.20. ಸ್ವೆಟರ್, ತಲೆಗೆ ಮಫ್ಲರ್, ಕೈಯಲ್ಲಿ ಪ್ಲಾಸ್ಟಿಕ್ ಕವರ್. ಕೊಂಬೆ ಬಗ್ಗಿಸಿ ಮೊಗ್ಗು ಬಿಟ್ಟು ಅರಳಿದ್ದನ್ನೇ ಹುಡುಕಿ ಹುಡುಕಿ ಕೀಳುತ್ತಿದ್ದಾರೆ. ಅಮ್ಮನ ಜೊತೆ ದಿನಾ ಸಂಜೆ ಪಾರ್ಕಿಗೆ ಹೋಗುವವರು.

ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಅಯ್ಯೋ, ಇವರಾ? ಮಂಡಿ ನೋವು ಅಂತಾರೆ, ಅಷ್ಟು ಎತ್ತರಕ್ಕೆ ಹೇಗೆ ಎಟುಕಿಸಿಕೊಂಡ್ರು?" ಅಂದರು. ಆಮೇಲೆ "ಅದನ್ನ ಅಳಿಸಿಬಿಡು" ಅಂದರು.

ಅಳಿಸಿದೆ.