ಬೋರ್ಡಿನಲ್ಲಿ 'ಆಗದವರಿಗೆ' ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮ ಸೇನೆ ಅಧಿಕಾರಿಗಳನ್ನು ಹೇಗೆ ಆರಿಸುತ್ತದೆ, ಹೇಗೆ ಮೇಲೇರಿಸುತ್ತದೆ ಅನ್ನೋದರ ಬಗ್ಗೆ ಒಂದು ಲೇಖನ ಬರೆಯಲು ಕೂತಿದ್ದೇನೆ. ಎರಡನೇ ಪ್ಯಾರಾದಲ್ಲೇ ಸಿಕ್ಕಿಬಿದ್ದೆ. ತೊಡಕು 'ಬಡ್ತಿ'ಯದು, ಮತ್ತೆ ಆಯ್ಕೆ ಮಂಡಳಿಯ ಮುಂದೆ ಅದು ಸಿಗದೆ ಉಳಿದವರನ್ನು ಏನನ್ನಬೇಕು ಅನ್ನೋದು.

ಈ ಪದ ಮರಾಠಿ, ಹಿಂದಿಗಳ 'ಬಢತೀ'ಯ ಕಡೆಯದು. ಹೆಚ್ಚುವುದು ಅಂತ ಅರ್ಥ. ನಮ್ಮ ಕಚೇರಿಗಳಲ್ಲಿ ಅದು ಆಗಲೇ ಎರಡು ಕೆಲಸ ಮಾಡುತ್ತಿದೆ. ವರ್ಷಕ್ಕೊಮ್ಮೆ ಸಂಬಳ ಏರಿದರೆ 'ವೇತನ ಬಡ್ತಿ'. ಮೇಲಿನ ಹುದ್ದೆಗೆ ಹೋದರೂ ಬಡ್ತಿ, ಇಲ್ಲವೇ 'ಮುಂಬಡ್ತಿ'. ಕೆಳಗಿಳಿಸಿದರೆ 'ಹಿಂಬಡ್ತಿ', ಅಂದರೆ ಹಿಂದಕ್ಕೆ ಹೆಚ್ಚುವುದು! ಇರಲಿ, ಯಾರಿಗೂ ಅರ್ಥವಾಗದೆ ಉಳಿದಿಲ್ಲ.

ಸೇನೆಯಲ್ಲಿ ಇದಕ್ಕೆ ಮೂರನೆಯ ಕೆಲಸ ಬೀಳುತ್ತದೆ. ಲೆಫ್ಟಿನೆಂಟ್ ಆಗಿ ಸೇರಿದವರು 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತಾರೆ. ಅಧಿಕಾರಿಗಳ ಬಡ್ತಿಯನ್ನು ಪರಿಶೀಲಿಸಿದ ಎ.ವಿ. ಸಿಂಗ್ ಸಮಿತಿಯ ಶಿಫಾರಸು 2004ರಲ್ಲಿ ಜಾರಿಗೆ ಬಂದಮೇಲೆ ಇದೇ ಲೆಕ್ಕ. ಪರೀಕ್ಷೆ ಪಾಸಾಗಿ, ಸೇವೆಯ ವರ್ಷ ತುಂಬಿದರೆ ಸಾಕು. ಇದನ್ನು 'ಸೇವಾವಧಿ ಬಡ್ತಿ' ಅಂತ ಬರೆದುಕೊಂಡೆ. 'ಕಾಲಮಿತಿ ಬಡ್ತಿ' ನನಗೆ ಹಿಡಿಸಲಿಲ್ಲ. ಕಾಲಮಿತಿ ಅಂದ ಕೂಡಲೇ ಅರ್ಜಿ ಹಾಕುವ ಕೊನೇ ದಿನ ನೆನಪಾಗುತ್ತದೆ.

ಕರ್ನಲ್‌ನಿಂದ ಮೇಲಕ್ಕೆ ದಾರಿ ಕಿರಿದು. ಅಲ್ಲಿ ಸೆಲೆಕ್ಷನ್ ಬೋರ್ಡ್, ಅಂದರೆ ಆಯ್ಕೆ ಮಂಡಳಿ, ಕೂತು ಒಂದು ಬ್ಯಾಚಿನವರನ್ನೆಲ್ಲ ಒಟ್ಟಿಗೆ ತೂಗಿ ನೋಡುತ್ತದೆ. ಖಾಲಿ ಜಾಗ ಎಷ್ಟಿದೆಯೋ ಅಷ್ಟೇ ಜನ ಮೇಲಕ್ಕೆ. ಒಬ್ಬರಿಗೆ ಒಟ್ಟು ಮೂರು ಅವಕಾಶ. ಮೂರರಲ್ಲೂ ಹೆಸರು ಬರದಿದ್ದರೆ ಲೆಫ್ಟಿನೆಂಟ್ ಕರ್ನಲ್ ಆಗಿಯೇ ಮುಂದುವರಿದು, 26 ವರ್ಷ ಸೇವೆ ತುಂಬಿದಾಗ 'ಟೈಮ್ ಸ್ಕೇಲ್' ಕರ್ನಲ್ ಆಗುತ್ತಾರೆ. ಭುಜದ ಮೇಲೆ ಅದೇ ಪಟ್ಟಿ. ಆದರೆ ಬೆಟಾಲಿಯನ್ ನಡೆಸುವ ಅಧಿಕಾರ ಬೋರ್ಡಿನಲ್ಲಿ ಆಯ್ಕೆಯಾದ ಕರ್ನಲ್‌ಗೆ. ಇಬ್ಬರೂ 'ಕರ್ನಲ್ ಹುದ್ದೆ'ಗೆ ಏರಿದರು ಅಂತ ಕನ್ನಡದಲ್ಲಿ ಬರೆದುಬಿಟ್ಟರೆ ಕಥೆಯೇ ಮಾಯ. ಭುಜದ ಪಟ್ಟಿಗೆ 'ದರ್ಜೆ', ಮಾಡುವ ಕೆಲಸಕ್ಕೆ 'ಹುದ್ದೆ' ಅಂತ ಬೇರೆ ಮಾಡಿಕೊಂಡರೆ ಸರಿಹೋಗಬಹುದಾ?

ಮೇಲಿನ ದಾರಿ ಕಿರಿದಾದದ್ದು ಯಾರದೋ ಹಟದಿಂದ ಅಲ್ಲ. ಕೆಳಗೆ ತುಂಬಾ ಲೆಫ್ಟಿನೆಂಟರು ಬೇಕು, ಮೇಲೆ ಕೆಲವೇ ಜನರಲ್‌ಗಳು ಸಾಕು. ಇವತ್ತು ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ಎಷ್ಟು ಜನ ಪಾಸಾದರು ಅನ್ನೋದು ಹದಿನೈದಿಪ್ಪತ್ತು ವರ್ಷದ ಮೇಲೆ ಬೋರ್ಡಿನ ಮುಂದೆ ಎಷ್ಟು ನೂಕುನುಗ್ಗಲು ಅನ್ನೋದನ್ನೂ ತೀರ್ಮಾನಿಸುತ್ತದೆ. 1962ರ ಯುದ್ಧದ ನಂತರ ತುರ್ತು ಕಮಿಷನ್ (ಕಮಿಷನ್ ಅಂದರೆ ಅಧಿಕಾರಿಯಾಗಿ ನೇಮಕ) ಕೊಟ್ಟು ತುಂಬಾ ಜನರನ್ನು ಸೇರಿಸಿಕೊಂಡರು. ಆಮೇಲೆ ಅವರಲ್ಲಿ ಅನೇಕರನ್ನು ಬಿಡುಗಡೆ ಮಾಡಬೇಕಾಯಿತು. ಈಗಿನ ಶಾರ್ಟ್ ಸರ್ವಿಸ್ ಕಮಿಷನ್, 10 ವರ್ಷ ಮತ್ತು ಬೇಕಿದ್ದರೆ ಇನ್ನೂ 4, ಈ ಒತ್ತಡ ಇಳಿಸೋಕೂ ಒಂದು ದಾರಿ.

ಈಗ ನನ್ನ ನಿಜವಾದ ಪ್ರಶ್ನೆ. ಮೂರು ಸಲವೂ ಹೆಸರು ಬರದವರಿಗೆ ಏನನ್ನಬೇಕು? 'ಬಡ್ತಿ ವಂಚಿತ' ಅಂತ ಪತ್ರಿಕೆಗಳಲ್ಲಿ ಧಾರಾಳವಾಗಿ ಬರುತ್ತದೆ. ಆದರೆ ವಂಚಿತ ಅಂದರೆ ಯಾರೋ ವಂಚಿಸಿರಬೇಕಲ್ವಾ? ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ, ಜಾಗ ಇರಲಿಲ್ಲ ಅಷ್ಟೇ. 'ಅನರ್ಹ' ಅಂದರೆ ಸುಳ್ಳೇ ಆಗುತ್ತದೆ. 'ಹಿಂದುಳಿದ' ಅನ್ನೋದು ಜಾತಿಪಟ್ಟಿಗೆ ಮೀಸಲಾಗಿಬಿಟ್ಟಿದೆ.

ನಮ್ಮ ಬೀದಿಯಲ್ಲಿರುವ ನಿವೃತ್ತ ಅಧಿಕಾರಿಯೊಬ್ಬರನ್ನು ಕೇಳಿದೆ. "ನಂಗೆ ಬೋರ್ಡಲ್ಲಿ ಆಗ್ಲಿಲ್ಲಪ್ಪ" ಅಂದರು, ಕಾಫಿ ಹೀರುತ್ತಾ. ಎಷ್ಟು ಚೆಂದದ ಮಾತು! 'ಆಗಲಿಲ್ಲ' ಅನ್ನುವಾಗ ತಪ್ಪು ಬೋರ್ಡಿನದೂ ಅಲ್ಲ, ಅವರದೂ ಅಲ್ಲ. ಮಳೆ ಆಗಲಿಲ್ಲ ಅಂದಹಾಗೆ. ಖುಷಿಯಿಂದ ಮನೆಗೆ ಬಂದು 'ಬೋರ್ಡಿನಲ್ಲಿ ಆಗದವರು' ಅಂತ ಬರೆದೆ. ಓದಿದರೆ ಬೋರ್ಡಿನವರ ಕಣ್ಣಿಗೆ ಆಗದವರು, ಅವರ ಹಗೆಗಳು ಅನ್ನೋ ಹಾಗಿದೆ. ಕ್ರಿಯಾಪದವಾಗಿದ್ದಾಗ ಸರಿಯಿದ್ದದ್ದು ಹೆಸರುಪದ ಮಾಡಿದ ಕೂಡಲೇ ಕೆಟ್ಟಿತು.

ಇನ್ನೊಂದು ಸಣ್ಣದು. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ನೇಮಕ, ಕೊಡಬೇಕೆಂದಾಗ 'ಶಾಶ್ವತ ಆಯೋಗ' ಅಂತ ಬರೆದದ್ದನ್ನು ಓದಿದ ನೆನಪು. ಆಯೋಗ ಅಂದರೆ ವಿಚಾರಣೆ ನಡೆಸುವ ಸಮಿತಿ ಅಲ್ವಾ? ಹಾಗಂತ 'ಕಾಯಂ ಕಮಿಷನ್' ಅಂದರೆ ಸೈಟು ಮಾರಿಸಿಕೊಟ್ಟ ದಲ್ಲಾಳಿಯ ನೆನಪು. ಆದರೂ ನಾನು ಎರಡನೆಯದನ್ನೇ ಇಟ್ಟುಕೊಳ್ಳುತ್ತೇನೆ. ಸೇನೆಯ ಮನೆಗಳಲ್ಲಿ 'ಮಗನಿಗೆ ಕಮಿಷನ್ ಆಯ್ತು' ಅಂದರೆ ಯಾರೂ ದಲ್ಲಾಳಿಯನ್ನು ನೆನೆಯುವುದಿಲ್ಲ.

ಕೊಡಗಿನವರು, ಬೆಳಗಾವಿಯವರು ಇಲ್ಲಿ ಇದ್ದೀರಿ. ನಿಮ್ಮ ಮನೆಗಳಲ್ಲಿ, ಜೊತೆಯವರು ಕರ್ನಲ್ ಆಗಿ ತಾವು ಅಲ್ಲೇ ಉಳಿದವರ ಬಗ್ಗೆ ಮಾತಾಡುವಾಗ ಏನನ್ನುತ್ತೀರಿ? ಇಂಗ್ಲಿಷ್ ಪದವೇ ಆದರೂ ಪರವಾಗಿಲ್ಲ, ಹೇಳಿ. 'ಆಗಲಿಲ್ಲ' ಅನ್ನೋದರ ಸೌಮ್ಯತೆ ಉಳಿಯುವ ಹೆಸರುಪದ ಸಿಕ್ಕರೆ ಇನ್ನೂ ಒಳ್ಳೇದು.