ಕಾಲೇಜಿಗೆ ಹೊಸದಾಗಿ ಬಂದವರನ್ನು ಪ್ರಾರ್ಥನಾ ಕೂಟಕ್ಕೆ ಬರಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಹಿರಿಯರಿಗೂ ಗೆಳೆಯರಿಗೂ ವಂದನೆಗಳು. ಪ್ರತಿ ಶನಿವಾರ ಸಂಜೆ ಆರು ಗಂಟೆಗೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೇರುವ ನಮ್ಮ ಕ್ರೈಸ್ತ ವಿದ್ಯಾರ್ಥಿ ಕೂಟದ ಜವಾಬ್ದಾರಿ ಈ ವರ್ಷ ನನ್ನ ಮೇಲಿದೆ. ಕಳೆದ ವರ್ಷ ಪ್ರಥಮ ವರ್ಷದವರಿಗಾಗಿ ಕೇಕು, ಗಿಟಾರು, ಆಟಗಳೊಂದಿಗೆ ದೊಡ್ಡದಾಗಿಯೇ ಸ್ವಾಗತ ಕೂಟ ನಡೆಸಿದೆವು. ಅಂದು ಇಪ್ಪತ್ತಮೂರು ಮಂದಿ ಬಂದಿದ್ದರು. ದಸರಾ ರಜೆ ಮುಗಿಯುವ ಹೊತ್ತಿಗೆ ಉಳಿದವರು ನಾಲ್ವರು. ಹೊಸನಗರದ ಕಡೆಯ ಹುಡುಗಿಯೊಬ್ಬಳು ಅಂದು ನೀರು ಸೋರುತ್ತಿದ್ದ ಛತ್ರಿಯನ್ನು ಎಲ್ಲಿಡಬೇಕೆಂದು ತಿಳಿಯದೆ, ಎರಡು ಗಂಟೆಯೂ ಅದನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ನಾನದನ್ನು ಕಂಡೂ ಎದ್ದು ಹೋಗಲಿಲ್ಲ. ಅವಳು ಮತ್ತೆ ಬರಲಿಲ್ಲ. ಈ ಬಾರಿ ಏನು ಬದಲಿಸಬೇಕು?

ಉತ್ತರ: ನಿವೃತ್ತ ಉಪನ್ಯಾಸಕಿ, ಸಾಗರ

ಮಗಳೇ, ನೀನು ಆ ಛತ್ರಿಯನ್ನು ನೆನಪಿಟ್ಟುಕೊಂಡಿರುವುದೇ ಅರ್ಧ ಉತ್ತರ. ಸ್ವಾಗತ ಕೂಟಕ್ಕೆ ಹೊಸಬರನ್ನು ಕರೆತರುವುದು ಕಷ್ಟವಲ್ಲ. ಊರಿನ ನೆನಪು ಕಾಡತೊಡಗುವ, ಹಾಸ್ಟೆಲ್ ಊಟ ಗಂಟಲಲ್ಲಿ ಇಳಿಯದ ಎರಡನೆಯ, ಮೂರನೆಯ ವಾರದಲ್ಲಿ ಅವರನ್ನು ವಿಚಾರಿಸುವವರು ಯಾರು ಎಂಬುದೇ ಮುಖ್ಯ. ಯೇಸುವಿನ ಶಿಷ್ಯರನ್ನು ಹಿಂಸಿಸುತ್ತಿದ್ದ ಸೌಲನು (ಮುಂದೆ ಪೌಲನೆಂದು ಹೆಸರಾದವನು) ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಅವನಿಗೆ ಹೆದರಿದ್ದರು. ಬಾರ್ನಬನೊಬ್ಬನೇ ಅವನನ್ನು ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ಅವನ ಪರವಾಗಿ ಮಾತನಾಡಿದನು. ಬೈಬಲಿನ ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದ ಆ ಭಾಗವನ್ನು ನಿಮ್ಮ ಸಮಿತಿಯವರೆಲ್ಲ ಒಟ್ಟಿಗೆ ಕುಳಿತು ಓದಿರಿ. ಅನಂತರ ಇಬ್ಬರು ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿಯಂತೆ, ಹುಡುಗಿಯರಿಗೆ ಹುಡುಗಿಯರನ್ನೇ, ಹೊಣೆ ಹಂಚಿಕೊಳ್ಳಿರಿ. ಬಸ್ ಪಾಸ್ ಮಾಡಿಸುವುದಕ್ಕೆ ಜೊತೆಗೆ ಹೋಗುವುದು, ಹಳೆಯ ನೋಟ್ಸ್ ಕೊಡುವುದು, ಜ್ವರ ಬಂದಾಗ ಗಂಜಿ ತಲುಪಿಸುವುದು, ಇವೆಲ್ಲವೂ ಸೇವೆಯೇ. ಕ್ರೈಸ್ತ ವಿದ್ಯಾರ್ಥಿಗಳ ಒಕ್ಕೂಟವಾದ ಯು.ಇ.ಎಸ್.ಐ. (ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ) 1954ರಲ್ಲಿ ಆರಂಭವಾದಂದಿನಿಂದಲೂ ವಿದ್ಯಾರ್ಥಿಗಳೇ ವಿದ್ಯಾರ್ಥಿಗಳ ನಡುವೆ ಈ ಕೆಲಸ ಮಾಡಬೇಕೆಂಬ ಆಲೋಚನೆಯಿಂದಲೇ ನಡೆದುಬಂದಿದೆ. ನಮ್ಮಂಥ ಹಿರಿಯರು ಚಹಾ ಕಾಯಿಸಿಕೊಡಬಹುದು, ಪ್ರಾರ್ಥಿಸಬಹುದು. ಪಕ್ಕದಲ್ಲಿ ಕುಳಿತುಕೊಳ್ಳಬೇಕಾದವರು ನೀವು.

ಉತ್ತರ: ದ್ವಿತೀಯ ಬಿ.ಕಾಂ. ವಿದ್ಯಾರ್ಥಿ, ಮೂಲ ಊರು ಬಾಳೆಹೊನ್ನೂರಿನ ಹತ್ತಿರ

ಅಕ್ಕಾ, ಇಂಥದ್ದೇ ಒಂದು ಕೂಟಕ್ಕೆ ಒಮ್ಮೆ ಹೋಗಿ ಮೂರು ತಿಂಗಳು ಆ ಕಡೆ ತಲೆಹಾಕದವನು ನಾನು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅಂದು ಹಾಡುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅದನ್ನಾದರೂ ಸಹಿಸಿಕೊಂಡೆ, ಆದರೆ ಮೈಕನ್ನು ಕೈಗಿತ್ತು ಹೆಸರು, ಊರು ಹೇಳಿ ಸಾಕ್ಷಿ (ತನ್ನ ನಂಬಿಕೆಯ ಅನುಭವದ ಮಾತು) ಕೊಡಬೇಕೆಂದಾಗ ನನ್ನ ನಾಲಗೆ ಒಣಗಿತು, ‘ಸಾಕ್ಷಿ’ ಎಂದರೆ ಏನು ಹೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಮತ್ತೆ ನನ್ನನ್ನು ಕರೆತಂದದ್ದು ಒಬ್ಬ ಅಣ್ಣ. ಬಸ್ ನಿಲ್ದಾಣದಲ್ಲಿ ಮಳೆಗೆ ನಿಂತಿದ್ದಾಗ ಅವರು ಸಭೆಯ ಮಾತನ್ನೇ ಎತ್ತದೆ, ನಮ್ಮ ಕಡೆ ಅಡಿಕೆಗೆ ಕೊಳೆರೋಗ ಬಂದಿದೆಯೇ ಎಂದು ಕೇಳಿದರು. ಅಪ್ಪ ಬೋರ್ಡೋ ದ್ರಾವಣ ಹೊಡೆಸಲು ಪಡುವ ಪಾಡನ್ನು ಅವರ ಮುಂದೆ ಅರ್ಧ ಗಂಟೆ ಹೇಳಿಕೊಂಡೆ. ಮುಂದಿನ ಶನಿವಾರ ಹೋಗದಿರಲು ನನಗೆ ಮನಸ್ಸಾಗಲಿಲ್ಲ.

ಉತ್ತರ: ಸಭಾಪಾಲಕ (ಪಾಸ್ಟರ್), ಭದ್ರಾವತಿ

ಮೇಲಿನ ಎರಡೂ ಮಾತುಗಳನ್ನು ಒಪ್ಪುತ್ತೇನೆ. ಜೊತೆಗೆ ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಹೊಸಬರ ಹಾಸ್ಟೆಲ್ ಕೋಣೆಗಳಿಗೆ ರಾತ್ರಿ ಹೊತ್ತು ಗುಂಪಾಗಿ ಹೋಗಬೇಡಿರಿ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು ಜಾರಿಯಲ್ಲಿರುವಾಗ ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಬಾಗಿಲು ತೆರೆದ ಹುಡುಗನಿಗೆ ಕಾಣುವುದು ಐದಾರು ಮಂದಿ ಸೀನಿಯರ್‌ಗಳು ಮಾತ್ರ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆದ್ದರಿಂದ ಕೂಟ ಈಗಿನಂತೆ ಆವರಣದ ಹೊರಗೇ ನಡೆಯಲಿ. ಕ್ರೈಸ್ತರಲ್ಲದ ಸ್ನೇಹಿತರು ಬಂದರೆ ಸಂತೋಷ, ಆದರೆ ಅದು ಪ್ರಾರ್ಥನೆಯ ಕೂಟವೆಂದು ಅವರಿಗೆ ಮೊದಲೇ ತಿಳಿಸಿರಬೇಕು. ‘ಟ್ಯಾಲೆಂಟ್ ಷೋ’ ಎಂದು ಕರೆದು ಕೂರಿಸಿ ಪ್ರಸಂಗ ಮಾಡುವುದು ಸತ್ಯವಂತನಾದ ದೇವರ ಹೆಸರಿಗೆ ಒಪ್ಪುವ ಕೆಲಸವಲ್ಲ.

ಇನ್ನೊಂದು ಮಾತು. ನಿಮ್ಮಲ್ಲಿಗೆ ಬರುವವರಲ್ಲಿ ಕಥೋಲಿಕ ಮಕ್ಕಳೂ ಇರುತ್ತಾರೆ. ಅವರ ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) 1988ರಿಂದ ಇದೆ. ಮಲೆನಾಡಿನಲ್ಲಿ ನೆಲೆಸಿದ ಮಲಯಾಳಿ ಕುಟುಂಬಗಳ ಸಿರೋ-ಮಲಬಾರ್ ಸಭೆಗೆ (ಕೇರಳ ಮೂಲದ ಕಥೋಲಿಕ ಸಭೆ) 2007ರಲ್ಲಿ ನಮ್ಮ ಭದ್ರಾವತಿಯೇ ಕೇಂದ್ರವಾಯಿತು. ಆ ಮಕ್ಕಳು ಭಾನುವಾರ ತಮ್ಮ ಪೂಜೆಗೆ ಹೋಗಲು ದಾರಿ ತೋರಿಸಿರಿ. ಅವರನ್ನು ಅವರ ಸಭೆಯಿಂದ ಎಳೆದುಕೊಳ್ಳುವುದು ನಿಮ್ಮ ಕೆಲಸವಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ದೂರದ ಊರುಗಳಿಂದ ದಿನವೂ ಬಂದುಹೋಗುವವರಿಗೆ ಕೊನೆಯ ಬಸ್ ತಪ್ಪದಿರಲೆಂದು ಕೂಟವನ್ನು ನಾಲ್ಕೂವರೆಗೆ ಬದಲಿಸಲು ಸಮಿತಿ ಒಪ್ಪಿದೆ. ಮೊದಲ ತಿಂಗಳು ಮೈಕ್ ಇರುವುದಿಲ್ಲ. ಕನ್ನಡ ಗೀತೆಗಳೊಂದಿಗೆ ಒಂದೆರಡು ಕೊಂಕಣಿ, ತಮಿಳು ಗೀತೆಗಳನ್ನೂ ಹಾಡುತ್ತೇವೆ. ಛತ್ರಿಗಳಿಗೆ ಬಾಗಿಲ ಬಳಿ ಎರಡು ಬಕೆಟ್ ಇಡುವುದು ನನ್ನ ಕೆಲಸ. ಹೊಸನಗರದ ಆ ಹುಡುಗಿ ಈಗ ದ್ವಿತೀಯ ವರ್ಷದಲ್ಲಿದ್ದಾಳೆ. ನಾಳೆ ಅವಳನ್ನು ಕಾಣಲು ಹೋಗುತ್ತಿದ್ದೇನೆ, ಕೂಟಕ್ಕೆ ಕರೆಯಲು ಅಲ್ಲ, ಅಂದು ಎದ್ದು ಬರದೆ ಇದ್ದುದಕ್ಕೆ ಕ್ಷಮೆ ಕೇಳಲು.